ಬಂಡೆಯಡಿಯ ಎಣಿಕೆ: ಭೌತವಿಜ್ಞಾನ ಪ್ರಶ್ನೋತ್ತರ

ವಿಶ್ವಕಿರಣಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಕೊಪ್ಪಳ ಜಿಲ್ಲೆಯಿಂದ, ಅದರಲ್ಲೂ ಇರಕಲ್ಲಗಡದ ಕಡೆಯಿಂದ, ಸಾಲುಸಾಲಾಗಿ ಪತ್ರಗಳು ಬಂದಿವೆ. ಒಂದೇ ವಿಷಯ ಕೇಳಿದವರನ್ನು ಒಟ್ಟುಗೂಡಿಸಿ ಏಳು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ಓಡುವ ಗಡಿಯಾರ ನಿಧಾನ ಆಗ್ತದ ಅಂತ ನಮ್ಮ ಲೆಕ್ಚರರ್ ಹೇಳಿದರು. ನಾನು ದಿನಾ ಬಸ್ಸಿನಲ್ಲಿ ಕೊಪ್ಪಳಕ್ಕೆ ಹೋಗಿ ಬರ್ತೀನಿ, ನನ್ನ ವಾಚು ಸರಿಯಾಗೇ ಇರ್ತದ. ಇದನ್ನು ಯಾರಾದರೂ ಅಳೆದು ನೋಡಿದ್ದಾರಾ, ಇಲ್ಲಾ ಬರೀ ಸಮೀಕರಣವಾ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಇರಕಲ್ಲಗಡ

ಉತ್ತರ: ಅಳೆದಿದ್ದಾರೆ. ಬಸ್ಸಿನ ವೇಗಕ್ಕೆ ಆಗುವ ವ್ಯತ್ಯಾಸ ಯಾವ ಕೈಗಡಿಯಾರಕ್ಕೂ ಗೊತ್ತಾಗದಷ್ಟು ಸಣ್ಣದು. ಅದು ಎದ್ದು ಕಾಣಬೇಕಾದರೆ ಬೆಳಕಿನ ವೇಗದ ಹತ್ತಿರಕ್ಕೆ ಹೋಗಬೇಕು. ಅಷ್ಟು ವೇಗದ ಗಡಿಯಾರಗಳು ನಿಮ್ಮೂರ ಗುಡ್ಡದ ಮೇಲೆ ಹಗಲು ರಾತ್ರಿ ಸುರಿಯುತ್ತಲೇ ಇವೆ. ಅವುಗಳ ಹೆಸರು ಮ್ಯುವಾನ್.

ಬಾಹ್ಯಾಕಾಶದಿಂದ ಬರುವ ಪ್ರೋಟಾನುಗಳು ವಾತಾವರಣದ ಮೇಲ್ಪದರಕ್ಕೆ ಅಪ್ಪಳಿಸಿದಾಗ, ನೆಲದಿಂದ ಸುಮಾರು 15 ಕಿ.ಮೀ. ಎತ್ತರದಲ್ಲಿ ಮ್ಯುವಾನ್‌ಗಳು ಹುಟ್ಟುತ್ತವೆ. ಇವು ಎಲೆಕ್ಟ್ರಾನಿನ ಜಾತಿಯವೇ, ಆದರೆ ಸುಮಾರು 207 ಪಟ್ಟು ಭಾರ. ಆಯುಸ್ಸು ಮಾತ್ರ ಸರಾಸರಿ 2.2 ಮೈಕ್ರೊಸೆಕೆಂಡು, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಅಷ್ಟು ಹೊತ್ತಿನಲ್ಲಿ ಬೆಳಕೇ ಓಡಿದರೂ 660 ಮೀಟರ್ ದಾಟುವುದಿಲ್ಲ. 15 ಕಿ.ಮೀ. ಇಳಿಯಲು 50 ಮೈಕ್ರೊಸೆಕೆಂಡು ಬೇಕು. ಹಾಗಾದರೆ ನೂರಾರು ಕೋಟಿ ಮ್ಯುವಾನ್‌ಗಳಲ್ಲಿ ಒಂದು ನೆಲ ಮುಟ್ಟಿದರೆ ಹೆಚ್ಚು. ಆದರೆ ಅಂಗೈ ಚಾಚಿ ನಿಂತರೆ ಅದರ ಮೂಲಕ ಸೆಕೆಂಡಿಗೆ ಒಂದೆರಡು ಹಾದುಹೋಗುತ್ತವೆ! ಕಾರಣ, ಆ ವೇಗದಲ್ಲಿ ಮ್ಯುವಾನಿನ ಗಡಿಯಾರ ನಮ್ಮ ಲೆಕ್ಕಕ್ಕೆ ಹತ್ತಾರು ಪಟ್ಟು ನಿಧಾನವಾಗಿ ನಡೆಯುತ್ತದೆ.

ಕಣದ ಆಯುಸ್ಸನ್ನೇ ಗಡಿಯಾರವಾಗಿ ಬಳಸಿ ಐನ್‌ಸ್ಟೈನರ ಮಾತನ್ನು ಪರೀಕ್ಷಿಸಬಹುದು ಎಂದು 1938ರಲ್ಲೇ ಸೂಚಿಸಿದವರು ಹೋಮಿ ಭಾಭಾ. ಮರುವರ್ಷ ರಜೆಗೆಂದು ಭಾರತಕ್ಕೆ ಬಂದ ಅವರು, ಯುದ್ಧ ಶುರುವಾಗಿ ಹಿಂದಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಅಲ್ಲೇ ವಿಶ್ವಕಿರಣಗಳ ಅಧ್ಯಯನಕ್ಕೆ ಕೈಹಾಕಿದರು. ಅತ್ತ ಅಮೆರಿಕದಲ್ಲಿ 1941ರಲ್ಲಿ ರೊಸ್ಸಿ ಮತ್ತು ಹಾಲ್ ಎಂಬ ಇಬ್ಬರು ಬೆಟ್ಟದ ಮೇಲೊಮ್ಮೆ, ಕೆಳಗೆ ಡೆನ್ವರ್‌ನಲ್ಲೊಮ್ಮೆ ಈ ಕಣಗಳನ್ನು ಎಣಿಸಿದರು. ದಾರಿಯಲ್ಲಿ ಸತ್ತವು ಎಷ್ಟು ಎಂಬ ಲೆಕ್ಕ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತಕ್ಕೆ ಸರಿಹೊಂದಿತು.

ನಿಮ್ಮ ಮೊಬೈಲಿನಲ್ಲೂ ಇದು ನಡೆಯುತ್ತಿದೆ. ಜಿಪಿಎಸ್ ಉಪಗ್ರಹದ ಗಡಿಯಾರ ವೇಗದ ಕಾರಣಕ್ಕೆ ದಿನಕ್ಕೆ 7 ಮೈಕ್ರೊಸೆಕೆಂಡು ಹಿಂದೆ ಬೀಳುತ್ತದೆ, ಗುರುತ್ವ ಕಡಿಮೆಯಿರುವ ಕಾರಣಕ್ಕೆ 45 ಮೈಕ್ರೊಸೆಕೆಂಡು ಮುಂದೆ ಓಡುತ್ತದೆ. ಉಳಿಯುವ 38 ಮೈಕ್ರೊಸೆಕೆಂಡನ್ನು ತಿದ್ದದೇ ಬಿಟ್ಟರೆ ಒಂದೇ ದಿನದಲ್ಲಿ ನಕ್ಷೆ ಹತ್ತು ಕಿ.ಮೀ. ತಪ್ಪಿ, ಇರಕಲ್ಲಗಡದಲ್ಲಿ ನಿಂತವರನ್ನು ಬೇರೆ ಊರಿನಲ್ಲಿ ತೋರಿಸುತ್ತದೆ.

ಪ್ರಶ್ನೆ: ಮಾನ್ಯರೇ, ಕೆಜಿಎಫ್ ಅಂದರೆ ಈಗಿನ ಹುಡುಗರಿಗೆ ಸಿನಿಮಾ. ಆ ಗಣಿಯೊಳಗೆ ವಿಜ್ಞಾನಿಗಳು ದೊಡ್ಡದೇನನ್ನೋ ಕಂಡುಹಿಡಿದರೆಂದು ನಾನು ನೌಕರಿಯಲ್ಲಿದ್ದಾಗ ಕೇಳಿದ್ದೆ. ಚಿನ್ನದ ಗಣಿಗೂ ಭೌತವಿಜ್ಞಾನಕ್ಕೂ ಏನು ಸಂಬಂಧ? ಅಲ್ಲಿ ಕೆಲಸ ಮಾಡಿದವರಿಗೆ ನೊಬೆಲ್ ಯಾಕೆ ಬರಲಿಲ್ಲ?
— ನಿವೃತ್ತ ಶಿಕ್ಷಕರು, ಗಂಗಾವತಿ

ಉತ್ತರ: ವಿಜ್ಞಾನಿಗಳಿಗೆ ಬೇಕಾಗಿದ್ದುದು ಚಿನ್ನದ ಮೇಲಿನ ಬಂಡೆ. ನ್ಯೂಟ್ರಿನೋ ಎಂಬ ಕಣ ಯಾವುದನ್ನೂ ಸುಲಭಕ್ಕೆ ಮುಟ್ಟುವುದಿಲ್ಲ. ಸೂರ್ಯನಿಂದಲೇ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 6,500 ಕೋಟಿ ನ್ಯೂಟ್ರಿನೋಗಳು ನಮ್ಮೊಳಗೆ ಹಾಯ್ದುಹೋಗುತ್ತವೆ, ಒಂದೂ ತಾಗುವುದಿಲ್ಲ. ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳು ಎಣಿಕೆಯಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ. ಅಪರೂಪಕ್ಕೊಮ್ಮೆ ಅವುಗಳಲ್ಲೊಂದು ಬಂಡೆಯಲ್ಲಿ ಡಿಕ್ಕಿಯಾಗಿ ಮ್ಯುವಾನ್ ಹುಟ್ಟಿಸಿತೆಂದರೂ, ನೆಲದ ಮೇಲೆ ಸುರಿಯುವ ಮಾಮೂಲಿ ಮ್ಯುವಾನ್‌ಗಳ ನಡುವೆ ಅದನ್ನು ಗುರುತಿಸುವುದು ಆಗದ ಮಾತು. ಮಾಮೂಲಿಯವನ್ನು ತಡೆಯಬೇಕಾದರೆ ತಲೆಯ ಮೇಲೆ ಕಿಲೋಮೀಟರುಗಟ್ಟಲೆ ಕಲ್ಲು ಬೇಕು. ಕೋಲಾರದ ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳ. ಅಲ್ಲಿನ ಕಲ್ಲೂ ಗ್ರಾನೈಟಿಗಿಂತ ಭಾರ.

ಈ ಕೆಲಸ ಆರಂಭವಾದದ್ದು 1951ರ ಸುಮಾರಿಗೆ. ಆಗ ಭಾಭಾ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದರು. ನಂಜನಗೂಡಿನಲ್ಲಿ ಹುಟ್ಟಿದ ಯುವಕ ಬಿ.ವಿ. ಶ್ರೀಕಂಠನ್ ಅವರನ್ನು ಕೆಜಿಎಫ್‌ಗೆ ಕಳಿಸಿ, ಬೇರೆ ಬೇರೆ ಆಳದಲ್ಲಿ ಎಷ್ಟೆಷ್ಟು ಮ್ಯುವಾನ್ ಸಿಗುತ್ತವೆ ಎಂದು ಎಣಿಸಲು ಹೇಳಿದರು. ಮುಂದೆ ಮಿಯಾಕೆ, ನರಸಿಂಹಂ, ರಮಣಮೂರ್ತಿ ಇನ್ನೂ ಕೆಳಕ್ಕೆ ಇಳಿದರು. ಸುಮಾರು 2.8 ಕಿ.ಮೀ. ಆಳದಲ್ಲಿ ಉಪಕರಣ ಇಟ್ಟು ಎರಡು ತಿಂಗಳ ಮಟ್ಟಿಗೆ ಕಾದರು. ಒಂದೇ ಒಂದು ಮ್ಯುವಾನ್ ಬರಲಿಲ್ಲ.

ಮಾಷ್ಟ್ರೇ, ನೀವು ತರಗತಿಯಲ್ಲಿ ಹೇಳಬೇಕಾದ ಕತೆ ಇದು. ಎರಡು ತಿಂಗಳು ಕೂತು ಸೊನ್ನೆ ಬರೆದುಕೊಂಡು ಮೇಲೆ ಬಂದವರು ಸೋತು ಬಂದವರಲ್ಲ. ಮೇಲಿನ ಗದ್ದಲ ಅಷ್ಟು ಆಳಕ್ಕೆ ಇಳಿಯುವುದಿಲ್ಲ ಎಂದು ಆ ಸೊನ್ನೆಯೇ ಹೇಳಿತು. ಇನ್ನು ಅಲ್ಲಿ ಏನಾದರೂ ಕಂಡರೆ ಅದು ನ್ಯೂಟ್ರಿನೋ ಹುಟ್ಟಿಸಿದ್ದೇ ಇರಬೇಕು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಸೇರಿ 2.3 ಕಿ.ಮೀ. ಆಳದಲ್ಲಿ ಹೊಸ ಉಪಕರಣ ಹೂಡಿದವು. ಎಂ.ಜಿ.ಕೆ. ಮೆನನ್, ಶ್ರೀಕಂಠನ್, ಮಿಯಾಕೆ, ವುಲ್ಫೆಂಡೇಲ್ ಇವರೆಲ್ಲ ಆ ತಂಡದವರು. ಪತ್ತೆಹಲಗೆಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದ್ದರು. ಆಕಾಶದ ಮ್ಯುವಾನ್ ಅಷ್ಟು ಆಳಕ್ಕೆ ಬಂದರೆ ನೇರ ಮೇಲಿನಿಂದಲೇ ಬರಬೇಕು, ಓರೆಯಾಗಿ ಬಂದರೆ ದಾಟಬೇಕಾದ ಕಲ್ಲು ವಿಪರೀತವಾಗುತ್ತದೆ. ನ್ಯೂಟ್ರಿನೋಗೆ ಆ ಅಡ್ಡಿಯಿಲ್ಲ, ಅದು ಹುಟ್ಟಿಸಿದ ಮ್ಯುವಾನ್ ಅಡ್ಡಡ್ಡಲಾಗಿಯೂ ಬರಬಹುದು. ಕಣ ಹಾದಾಗ ಹಲಗೆಯಲ್ಲಿ ಬೆಳಕು ಮಿಂಚುತ್ತಿತ್ತು, ನಡುವಿನ ನಿಯಾನ್ ಕೊಳವೆಗಳು ಹೊತ್ತಿಕೊಂಡು ದಾರಿ ತೋರುತ್ತಿದ್ದವು, ಕ್ಯಾಮೆರಾ ಅದನ್ನು ಹಿಡಿಯುತ್ತಿತ್ತು. ಹಾಗೆ ನ್ಯೂಟ್ರಿನೋ ಹುಟ್ಟಿಸಿದ ಮ್ಯುವಾನ್ ಕಂಡ ಇವರ ವರದಿ ಅಚ್ಚಾದದ್ದು 1965ರ ಆಗಸ್ಟ್ 15ಕ್ಕೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದೇ ಕೆಲಸಕ್ಕಿಳಿದಿದ್ದ ರೈನ್ಸ್ ತಂಡದ ವರದಿ ಅದೇ ತಿಂಗಳ ಕೊನೆಗೆ ಬಂತು. ಮೊದಲ ಕಣ ಸಿಕ್ಕಿದ್ದು ಅವರಿಗೆ, ಮೊದಲ ಪ್ರಕಟಣೆ ನಮ್ಮವರದು.

ನೊಬೆಲ್ ಮಾತಿಗೆ ಬರೋಣ. ರೈನ್ಸ್ ಅವರಿಗೆ 1995ರಲ್ಲಿ ಅದು ಬಂದದ್ದು ಇದಕ್ಕೂ ಹಿಂದೆ, 1956ರಲ್ಲಿ, ರಿಯಾಕ್ಟರಿನ ಬಳಿ ನ್ಯೂಟ್ರಿನೋ ಹಿಡಿದದ್ದಕ್ಕೆ. ಕೆಜಿಎಫ್‌ನಲ್ಲಿ 1980ರ ಸುಮಾರಿಗೆ 140 ಟನ್ ಕಬ್ಬಿಣದ ಉಪಕರಣ ಕಟ್ಟಿ, ಪ್ರೋಟಾನ್ ಎಂದಾದರೂ ತಾನಾಗಿ ಒಡೆಯುತ್ತದೆಯೇ ಎಂದು ನೋಡಿದರು. ಹಾಗೆ ತೋರುವ ಕೆಲವು ಘಟನೆಗಳನ್ನು ವರದಿಯೂ ಮಾಡಿದರು. ಜಪಾನ್, ಅಮೆರಿಕಗಳ ಇನ್ನೂ ದೊಡ್ಡ ಉಪಕರಣಗಳಿಗೆ ಅವು ಕಾಣಲಿಲ್ಲ, ಇಂದಿಗೂ ಪ್ರೋಟಾನ್ ಒಡೆದದ್ದನ್ನು ಯಾರೂ ಕಂಡಿಲ್ಲ. ಈ ಹುಡುಕಾಟಕ್ಕೆ ಅಡ್ಡಬರುತ್ತಿದ್ದುದು ಕೆಜಿಎಫ್‌ನವರು 1965ರಲ್ಲಿ ಕಂಡ ಅದೇ ವಾತಾವರಣದ ನ್ಯೂಟ್ರಿನೋ. ಜಪಾನಿನ ಸೂಪರ್ ಕಾಮಿಯೊಕಾಂಡೆ ಆ ಅಡ್ಡಿಯನ್ನೇ ಎಣಿಸಿತು. ಭೂಮಿಯನ್ನು ತೂರಿ ಕೆಳಗಿನಿಂದ ಬರುವ ಮ್ಯುವಾನ್ ಜಾತಿಯ ನ್ಯೂಟ್ರಿನೋಗಳು ಲೆಕ್ಕಕ್ಕಿಂತ ಕಡಿಮೆ ಇದ್ದವು. ದಾರಿಯಲ್ಲಿ ಅವು ಜಾತಿ ಬದಲಿಸುತ್ತವೆ, ಹಾಗಾಗಿ ಅವಕ್ಕೆ ತೂಕವಿದೆ ಎಂದು 1998ರಲ್ಲಿ ಘೋಷಿಸಿದರು. 2015ರ ನೊಬೆಲ್ ಕಜಿತಾ ಅವರಿಗೆ ಬಂದದ್ದು ಇದಕ್ಕೆ. ಆ ಉಪಕರಣದಲ್ಲಿ 50,000 ಟನ್ ನೀರಿದೆ. ಅಷ್ಟು ದೊಡ್ಡದು ಕೋಲಾರದಲ್ಲಿ ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಯೋಗ ನಿಂತಿತು, 2001ರ ಫೆಬ್ರವರಿ 28ಕ್ಕೆ ಗಣಿಯೂ ಮುಚ್ಚಿತು.

ಪ್ರಶ್ನೆ: ನಾನು ಕಲ್ಲಿನ ಕ್ವಾರಿಯಾಗ ಸೂಪರ್‌ವೈಸರ್ ಅದೀನ್ರಿ. ಗ್ರಾನೈಟ್‌ನಾಗ ವಿಕಿರಣ ಇರ್ತದಂತ ಯಾರೋ ಹೇಳಿದ್ರು. ಇಳಕಲ್ ಕೆಂಪು ಕಲ್ಲು ಮನಿಗೆ ಹಾಕಬಾರದೇನ್ರಿ? ಮತ್ತ ನಮ್ಮ ಹತ್ರ ಹಟ್ಟಿ ಗಣಿ ಐತಲ್ರಿ, ಅಲ್ಲಿ ಈ ಪ್ರಯೋಗ ಮಾಡಾಕ ಬರೂದಿಲ್ಲೇನು?
— ಕುಷ್ಟಗಿ ತಾಲ್ಲೂಕಿನ ಓದುಗರು

ಉತ್ತರ: ಇರುತ್ತದೆ. ಗ್ರಾನೈಟಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಅದರಲ್ಲಿ ಒಂದು ಸಣ್ಣ ಪಾಲು ವಿಕಿರಣ ಸೂಸುವ ಪೊಟ್ಯಾಸಿಯಂ-40. ಜೊತೆಗೆ ಯುರೇನಿಯಂ, ಥೋರಿಯಂ ಅತ್ಯಲ್ಪ ಪ್ರಮಾಣದಲ್ಲಿರುತ್ತವೆ. ನಮ್ಮ ಮೈಯಲ್ಲೂ ಪೊಟ್ಯಾಸಿಯಂ-40 ಇದ್ದೇ ಇದೆ. ಗಾಳಿಯಾಡುವ ಮನೆಗೆ ನೆಲಹಾಸಿಗೋ ಅಡುಗೆ ಕಟ್ಟೆಗೋ ಗ್ರಾನೈಟ್ ಹಾಕಿಸಿದರೆ ಹೆದರುವ ಕಾರಣವಿಲ್ಲ.

ಕ್ವಾರಿಯಲ್ಲಿ ನೀವು ಹೆದರಬೇಕಾದದ್ದು ದೂಳಿಗೆ. ಡ್ರಿಲ್ ಹೊಡೆಯುವಾಗ ಏಳುವ ಸಣ್ಣ ಸಿಲಿಕಾ ಪುಡಿ ಶ್ವಾಸಕೋಶದೊಳಗೆ ಕೂತರೆ ಮತ್ತೆ ಹೊರಗೆ ಬರುವುದಿಲ್ಲ. ಹತ್ತಿಪ್ಪತ್ತು ವರ್ಷ ಆದ ಮೇಲೆ ಸಿಲಿಕೋಸಿಸ್ ಆಗಿ ಕಾಡುತ್ತದೆ, ಕ್ಷಯದ ಅಪಾಯವನ್ನೂ ಹೆಚ್ಚಿಸುತ್ತದೆ. ನಿಮ್ಮ ಕೈಕೆಳಗಿನವರಿಗೆ ನೀರು ಬಿಟ್ಟುಕೊಂಡೇ ಡ್ರಿಲ್ ಹೊಡೆಯಲು ಹೇಳಿ. ದೂಳು ತಡೆಯುವ ಒಳ್ಳೆಯ ಮಾಸ್ಕ್ ಕೊಡಿಸಿ, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ತೆಗೆಸಿ. ಬಾಯಿಗೆ ಟವೆಲ್ ಸುತ್ತಿಕೊಂಡರೆ ಆ ಪುಡಿ ನಿಲ್ಲುವುದಿಲ್ಲ.

ಹಟ್ಟಿ ಇಂದಿಗೂ ಚಿನ್ನ ತೆಗೆಯುತ್ತಿರುವ ಗಣಿ, ಆದರೆ ಆಳದಲ್ಲಿ ಚಾಂಪಿಯನ್ ರೀಫ್‌ನ ಹತ್ತಿರಕ್ಕೂ ಬರುವುದಿಲ್ಲ. ಹಾಗೆಂದು ಕಡಿಮೆ ಆಳಕ್ಕೆ ಉಪಯೋಗವೇ ಇಲ್ಲ ಎನ್ನಲಾಗದು. ಜಾರ್ಖಂಡದ ಜಾದೂಗುಡ ಯುರೇನಿಯಂ ಗಣಿಯಲ್ಲಿ 555 ಮೀಟರ್ ಕೆಳಗೆ 2017ರಲ್ಲಿ ಒಂದು ಪ್ರಯೋಗಾಲಯ ಆರಂಭವಾಗಿದೆ. ಅಂಥ ಕಡೆ ಇನ್ನೊಂದು ತೊಡಕಿದೆ. ಮೇಲಿನ ಮ್ಯುವಾನ್‌ಗಳನ್ನು ತಡೆಯುವ ಬಂಡೆಯೇ ತನ್ನ ವಿಕಿರಣದಿಂದ ಉಪಕರಣಕ್ಕೆ ಕಾಟ ಕೊಡುತ್ತದೆ. ಅದನ್ನು ತಪ್ಪಿಸಲು ಉಪಕರಣದ ಸುತ್ತ ಸೀಸ, ತಾಮ್ರ, ಪ್ಲಾಸ್ಟಿಕ್ಕಿನ ಪದರ ಕಟ್ಟುತ್ತಾರೆ. ತಮಿಳುನಾಡಿನ ಥೇಣಿ ಜಿಲ್ಲೆಯಲ್ಲಿ ಬೆಟ್ಟ ಕೊರೆದು ಕಟ್ಟಬೇಕೆಂದಿದ್ದ 50,000 ಟನ್ ಕಬ್ಬಿಣದ ನ್ಯೂಟ್ರಿನೋ ವೀಕ್ಷಣಾಲಯ ಮಾತ್ರ ಸ್ಥಳೀಯರ ವಿರೋಧ, ವ್ಯಾಜ್ಯಗಳಲ್ಲಿ ಸಿಕ್ಕಿಬಿದ್ದಿದೆ.

ಪ್ರಶ್ನೆ: ಮುಂಗಾರಿ ಬಂತಂದ್ರ ನಮ್ಮ ಕಡೆ ಸಿಡಿಲಿಗೆ ಕುರಿ, ದನ, ಮಂದಿ ಎಲ್ಲಾ ಹೋಗ್ತಾರ. ಮೋಡದಾಗ ಎಷ್ಟು ಕರೆಂಟ್ ಇರ್ತದ ಅಂತ ವಿಜ್ಞಾನಿಗಳು ಅಳತಿ ಮಾಡ್ಯಾರೇನ್ರಿ?
— ರೈತರು, ಯಲಬುರ್ಗಾ ತಾಲ್ಲೂಕು

ಉತ್ತರ: ಮೋಡದೊಳಕ್ಕೆ ಬಲೂನು, ವಿಮಾನ ಕಳಿಸಿ ಅಳೆದವರಿದ್ದಾರೆ, ಆದರೆ ಅವು ಹಾದುಹೋದ ಜಾಗದ ಲೆಕ್ಕ ಮಾತ್ರ ಸಿಗುತ್ತದೆ. ಇಡೀ ಮೋಡದ ವೋಲ್ಟೇಜನ್ನು ನೆಲದ ಮೇಲೆ ಕೂತೇ ಅಳೆದವರು ಊಟಿಯ ವಿಶ್ವಕಿರಣ ಪ್ರಯೋಗಾಲಯದವರು. ಅಲ್ಲಿ ಗ್ರೇಪ್ಸ್-3 ಎಂಬ ಪ್ರಯೋಗವಿದೆ. ಆರು ಮೀಟರ್ ಉದ್ದದ 3,712 ಚೌಕ ಕಬ್ಬಿಣದ ಕೊಳವೆಗಳು ಅಲ್ಲಿ ಮ್ಯುವಾನ್‌ಗಳನ್ನು ಬಿಡುವಿಲ್ಲದೆ ಎಣಿಸುತ್ತವೆ. ಕೆಜಿಎಫ್‌ನ ಪ್ರೋಟಾನ್ ಪ್ರಯೋಗದಲ್ಲಿ ಬಳಸಿದ್ದೂ ಇದೇ ಬಗೆಯವು.

ಮ್ಯುವಾನ್‌ಗಳಲ್ಲಿ ಧನ, ಋಣ ಎಂದು ಎರಡು ಬಗೆ, ಧನದವು ತುಸು ಹೆಚ್ಚು. ಗುಡುಗಿನ ಮೋಡದ ವಿದ್ಯುತ್ತು ಒಂದು ಬಗೆಯದರ ಶಕ್ತಿ ಕಸಿದು ಇನ್ನೊಂದಕ್ಕೆ ಕೊಡುತ್ತದೆ, ಆಗ ಕೆಳಗೆ ಸಿಗುವ ಎಣಿಕೆ ಏರುಪೇರಾಗುತ್ತದೆ. 2014ರ ಡಿಸೆಂಬರ್ 1ರಂದು ಊಟಿಯ ಮೇಲೆ ಬಂದ ಮೋಡದಡಿ ಎಣಿಕೆ ಶೇ 2ರಷ್ಟು ಇಳಿಯಿತು. ಅದರಿಂದ ಲೆಕ್ಕ ಹಾಕಿದರೆ ಮೋಡದೊಳಗೆ 130 ಕೋಟಿ ವೋಲ್ಟ್! 2019ರಲ್ಲಿ ಇದು ಪ್ರಕಟವಾಯಿತು. ನಿಮ್ಮ ಪಂಪ್‌ಸೆಟ್ಟಿಗೆ ಬರುವುದು 400 ವೋಲ್ಟ್ ಆಸುಪಾಸು ಎಂದು ನೆನಪಿಸಿಕೊಂಡರೆ ಅಂದಾಜು ಸಿಗುತ್ತದೆ.

ಆದ್ದರಿಂದ ಗುಡುಗು ಕೇಳಿದ ಕೂಡಲೇ ಗಿಡದ ಬುಡ ಬಿಟ್ಟು ಗಟ್ಟಿ ಕಟ್ಟಡದೊಳಗೆ ಹೋಗಿ. ಕುರಿಮಂದೆಯನ್ನು ಒಂಟಿ ಮರದ ಕೆಳಗೆ ಒತ್ತಾಗಿ ನಿಲ್ಲಿಸಬೇಡಿ, ತಂತಿಬೇಲಿಯ ಹತ್ತಿರವೂ ಬಿಡಬೇಡಿ. ಮರಕ್ಕೆ ಬಿದ್ದ ಸಿಡಿಲು ನೆಲದಲ್ಲಿ ಹರಡಿ ಸುತ್ತಲಿನ ಕಾಲುಗಳನ್ನೆಲ್ಲ ಹಿಡಿಯುತ್ತದೆ.

ಪ್ರಶ್ನೆ: ಕಪ್ಪುಕುಳಿ ಗಂಟೆಯಂತೆ ನುಡಿಯುತ್ತದೆ, ಅದನ್ನು ಮೊದಲು ಹೇಳಿದವರು ಕನ್ನಡಿಗರು ಎಂದು ಮಗಳ ಶಾಲೆಯಲ್ಲಿ ಹೇಳಿದರಂತೆ. ನಿಜವೇ?
— ಗೃಹಿಣಿ, ಕೊಪ್ಪಳ

ಉತ್ತರ: ನಿಜ. ಅವರು ಸಿ.ವಿ. ವಿಶ್ವೇಶ್ವರ, ಬೆಂಗಳೂರಿನವರು, ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ. ಅಮೆರಿಕದಲ್ಲಿ ಸಂಶೋಧನೆಗೆ ತೊಡಗಿದಾಗ ಕಪ್ಪುಕುಳಿ ಎಂಬುದು ಇನ್ನೂ ಕಾಗದದ ಮೇಲಿನ ವಸ್ತು. ಅದಕ್ಕೆ ಹೊರಗಿನಿಂದ ಒಂದು ಪೆಟ್ಟು ಕೊಟ್ಟರೆ ಏನಾಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಗುರುತ್ವದ ಅಲೆಗಳು ಒಂದು ನಿಗದಿತ ಕಂಪನದಲ್ಲಿ ಹೊರಟು ಬೇಗಬೇಗನೆ ಕುಗ್ಗುತ್ತವೆ ಎಂದು 1970ರಲ್ಲಿ ತೋರಿಸಿದರು. ಗಂಟೆಯ ನಾದ ಅದರ ಗಾತ್ರವನ್ನು ಹೇಳುವಂತೆ ಈ ಕಂಪನ ಕಪ್ಪುಕುಳಿಯ ತೂಕ ಎಷ್ಟು, ಅದು ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದನ್ನು ಹೇಳುತ್ತದೆ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳು ಒಂದಾದ ಅಲೆಯನ್ನು ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಿಂದ ಬಂದ ಆ ಅಲೆಯ ಬಾಲದಲ್ಲಿ ವಿಶ್ವೇಶ್ವರರು ಹೇಳಿದ ಕುಗ್ಗುವ ನಾದವಿತ್ತು. ಅಷ್ಟರಲ್ಲಿ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿ ನಿವೃತ್ತರಾಗಿದ್ದರು. ಈ ಸುದ್ದಿಯನ್ನು ಅವರು ಕೇಳಿದರು, 2017ರ ಜನವರಿಯಲ್ಲಿ ತೀರಿಕೊಂಡರು.

ಲೈಗೊದ ತೋಳುಗಳು ನಾಲ್ಕು ನಾಲ್ಕು ಕಿ.ಮೀ. ಉದ್ದ. ಅಲೆ ಬಂದಾಗ ಆ ಉದ್ದದಲ್ಲಾಗುವ ವ್ಯತ್ಯಾಸ ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ದೂರದ ಲಾರಿ, ರೈಲು, ಕಡಲ ಅಲೆ ಎಲ್ಲವೂ ಇದಕ್ಕೆ ಗದ್ದಲವೇ. ಭಾರತದ ಲೈಗೊಗೆ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯನ್ನು ಆರಿಸಿದ್ದಕ್ಕೆ ಅಲ್ಲಿನ ನೆಲದ ಶಾಂತತೆಯೂ ಒಂದು ಕಾರಣ. ಬೀದರ್ ದಾಟಿ ನಾಂದೇಡ್ ಕಡೆಯಿಂದ ಹೋದರೆ ಆ ಜಾಗ ಸಿಗುತ್ತದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಇದಕ್ಕೆ 2,600 ಕೋಟಿ ರೂಪಾಯಿ ಮಂಜೂರು ಮಾಡಿತು.

ಪ್ರಶ್ನೆ: ಮೊಣಕಾಲು ನೋವಿಗೆ 'ಕ್ವಾಂಟಮ್' ಪದಕ ಅಂತ ಒಬ್ಬರು ಬಂದು ಮೂರು ಸಾವಿರಕ್ಕೆ ಕೊಟ್ಟು ಹೋದರು. ಕೊರಳಿಗೆ ಹಾಕಿಕೊಂಡಿದ್ದೇನೆ. ಇದರಲ್ಲಿ ಏನಾದರೂ ವಿಜ್ಞಾನ ಇದೆಯೇ?
— 62 ವರ್ಷದ ಓದುಗರು, ಕುಕನೂರು

ಉತ್ತರ: ಮೊದಲು ತೆಗೆದಿಡಿ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಅಣುಸುರಕ್ಷತಾ ಪ್ರಾಧಿಕಾರ ಇಂಥ ಪದಕ, ಬಳೆಗಳನ್ನು ಪರೀಕ್ಷಿಸಿ, ಹತ್ತು ಸಾಮಾನುಗಳು ವಿಕಿರಣ ಸೂಸುತ್ತವೆ, ಹಾಕಿಕೊಳ್ಳಬೇಡಿ ಎಂದು ಎಚ್ಚರಿಸಿತು. ನಿಮ್ಮದೂ ಹಾಗೇ ಎಂದು ನಾನು ಹೇಳಲಾರೆ. ಆದರೆ ಅದರಿಂದ ನೋವು ಹೋಗುವ ದಾರಿಯೇನೂ ಭೌತವಿಜ್ಞಾನದಲ್ಲಿಲ್ಲ. ಮೊಣಕಾಲನ್ನು ಮೂಳೆ ವೈದ್ಯರಿಗೆ ತೋರಿಸಿ.

ನಿಜವಾದ ಕ್ವಾಂಟಮ್ ಕೆಲಸ ನಡೆಯುತ್ತಿರುವುದು ಬೇರೆ ಕಡೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2021ರಲ್ಲಿ 50 ಮೀಟರ್ ದೂರದ ಎರಡು ಕಟ್ಟಡಗಳ ನಡುವೆ ಒಂದೊಂದೇ ಬೆಳಕಿನ ಕಣ ಕಳಿಸಿ ಗುಪ್ತ ಕೀಲಿ ಹಂಚಿಕೊಂಡರು. ನಡುವೆ ಯಾರಾದರೂ ಇಣುಕಿದರೆ ಕಣದ ಸ್ಥಿತಿ ಕೆಡುತ್ತದೆ. ಅದಕ್ಕೇ ಕೀಲಿಯ ಒಂದು ಭಾಗವನ್ನು ಎರಡೂ ಕಡೆಯವರು ಬಹಿರಂಗವಾಗಿ ತಾಳೆ ನೋಡಿ, ಎಷ್ಟು ತಪ್ಪಾಗಿದೆ ಎಂದು ಎಣಿಸುತ್ತಾರೆ. ತಪ್ಪು ಮಿತಿ ಮೀರಿದರೆ ಆ ಕೀಲಿಯನ್ನೇ ಎಸೆಯುತ್ತಾರೆ. ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಇಟ್ಟಿದೆ, ಅದರ ಕಂಪ್ಯೂಟರ್ ವಿಭಾಗದ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಇನ್ನು ಯಾರಾದರೂ ಕ್ವಾಂಟಮ್ ಹೆಸರು ಹೇಳಿ ಬಾಗಿಲು ಬಡಿದರೆ, ಎಷ್ಟು ಜನರ ಮೇಲೆ ಪರೀಕ್ಷೆ ಮಾಡಿದಿರಿ, ಎಷ್ಟು ಜನರಿಗೆ ಗುಣವಾಗಲಿಲ್ಲ ಎಂದು ಕೇಳಿ. ಎರಡನೆಯ ಸಂಖ್ಯೆ ಅವರ ಬಳಿ ಇರುವುದಿಲ್ಲ.

ಪ್ರಶ್ನೆ: ಇದನ್ನೆಲ್ಲ ನಮ್ಮ ಮಕ್ಕಳಿಗೆ ಕಣ್ಣಿಗೆ ಕಾಣುವಂತೆ ತೋರಿಸಬಹುದೇ? ಶಾಲೆಯಲ್ಲಿ ದೊಡ್ಡ ಲ್ಯಾಬ್ ಇಲ್ಲ.
— ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಇರಕಲ್ಲಗಡ ಹೋಬಳಿ

ಉತ್ತರ: ತೋರಿಸಬಹುದು, ಮೋಡಪೆಟ್ಟಿಗೆ ಕಟ್ಟಿ. ಬೇಕಾಗುವುದು ಗಾಜಿನ ಚಿಕ್ಕ ಮೀನಿನ ತೊಟ್ಟಿ, ಕಪ್ಪು ಬಣ್ಣ ಬಳಿದ ಲೋಹದ ತಟ್ಟೆ, ದಪ್ಪ ಉಣ್ಣೆ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್, ಡ್ರೈ ಐಸ್ ಮತ್ತು ಒಂದು ಟಾರ್ಚ್. ಉಣ್ಣೆ ಬಟ್ಟೆಯನ್ನು ತೊಟ್ಟಿಯ ತಳಕ್ಕೆ ಒಳಗಡೆಯಿಂದ ಅಂಟಿಸಿ ಆಲ್ಕೋಹಾಲಿನಲ್ಲಿ ನೆನೆಸಿ. ಡ್ರೈ ಐಸ್ ಮೇಲೆ ಲೋಹದ ತಟ್ಟೆ ಇಟ್ಟು, ತೊಟ್ಟಿಯನ್ನು ಅದರ ಮೇಲೆ ಬೋರಲು ಹಾಕಿ, ಅಂಚಿಗೆ ಗಾಳಿ ಹೋಗದಂತೆ ಟೇಪ್ ಸುತ್ತಿ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಪಕ್ಕದಿಂದ ತಟ್ಟೆಯ ಮಟ್ಟಕ್ಕೆ ಹಿಡಿಯಿರಿ.

ಮೇಲಿನ ಬಟ್ಟೆಯಿಂದ ಇಳಿಯುವ ಆವಿ ತಣ್ಣನೆಯ ತಟ್ಟೆಯ ಹತ್ತಿರ ಹನಿಯಾಗಲು ನೆಪ ಹುಡುಕುತ್ತಿರುತ್ತದೆ. ಹಾದುಹೋಗುವ ಕಣ ಗಾಳಿಯಲ್ಲಿ ಅಯಾನುಗಳ ಸಾಲು ಬಿಟ್ಟರೆ ಹನಿಗಳು ಅದರ ಮೇಲೇ ಕೂರುತ್ತವೆ. ಹತ್ತು ಹದಿನೈದು ನಿಮಿಷದಲ್ಲಿ ತಟ್ಟೆಯ ಮೇಲೆ ಬಿಳಿ ಗೆರೆಗಳು ಮೂಡಿ ಮಾಯವಾಗತೊಡಗುತ್ತವೆ. ಉದ್ದ, ತೆಳು, ನೇರ ಗೆರೆಗಳಲ್ಲಿ ಹೆಚ್ಚಿನವು ಮ್ಯುವಾನ್. ಗಿಡ್ಡ, ದಪ್ಪ ಗೆರೆ ರೇಡಾನ್ ಅನಿಲದಿಂದ ಬಂದ ಆಲ್ಫಾ ಕಣ. ತಿರುಚಿಕೊಂಡು ಓಡುವುದು ಎಲೆಕ್ಟ್ರಾನ್. ಮೋಡಪೆಟ್ಟಿಗೆಯನ್ನು ಮೊದಲು ಮಾಡಿದ ವಿಲ್ಸನ್ ಎಂಬವರೇ ಗುಡುಗಿನ ಮೋಡದಲ್ಲಿ ನೂರು ಕೋಟಿ ವೋಲ್ಟ್ ಇರಬಹುದೆಂದು 1929ರಲ್ಲಿ ಅಂದಾಜು ಮಾಡಿದ್ದರು. ಯಲಬುರ್ಗಾದ ರೈತರಿಗೆ ಕೊಟ್ಟ ಉತ್ತರವನ್ನೂ ಮಕ್ಕಳಿಗೆ ಓದಿ ಹೇಳಿ.

ಎಚ್ಚರಿಕೆಯ ಮಾತು: ಡ್ರೈ ಐಸ್ ಮೈನಸ್ 78 ಡಿಗ್ರಿಯದು, ದಪ್ಪ ಕೈಗವಸು ಹಾಕಿ ನೀವೇ ಮುಟ್ಟಿ, ಮಕ್ಕಳಿಗೆ ಕೊಡಬೇಡಿ. ಮುಚ್ಚಳ ಬಿಗಿದ ಡಬ್ಬಿಯಲ್ಲಿ ಇಟ್ಟರೆ ಸಿಡಿಯುತ್ತದೆ. ಕಿಟಕಿಗೆ ಪರದೆ ಹಾಕಿ, ಆದರೆ ಗಾಳಿಯಾಡಲು ಬಿಡಿ. ಆಲ್ಕೋಹಾಲಿನ ಹತ್ತಿರ ಬೆಂಕಿ ಬೇಡ. ಡ್ರೈ ಐಸ್ ದೊಡ್ಡ ಊರುಗಳಲ್ಲಿ ಕೈಗಾರಿಕೆಗೆ ಗ್ಯಾಸ್ ಪೂರೈಸುವವರಲ್ಲಿ ವಿಚಾರಿಸಿದರೆ ಸಿಗುತ್ತದೆ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ತಂದು ಅದೇ ದಿನ ಬಳಸಿ, ಮರುದಿನಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಗೆರೆ ಕಂಡ ಕೂಡಲೇ ಮಕ್ಕಳು ಕೂಗುತ್ತಾರೆ, ಕೂಗಲಿ. ಆಮೇಲೆ ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬರು ಗಡಿಯಾರ ನೋಡಿದರೆ ಇನ್ನೊಬ್ಬರು ಐದೈದು ನಿಮಿಷಕ್ಕೆ ಎಷ್ಟು ಉದ್ದ ಗೆರೆ, ಎಷ್ಟು ಗಿಡ್ಡ ಗೆರೆ ಎಂದು ಬರೆಯಲಿ. ಏನೂ ಕಾಣದ ಐದು ನಿಮಿಷಕ್ಕೂ ಒಂದು ಸಾಲು ಬಿಟ್ಟು ಅಲ್ಲಿ ಸೊನ್ನೆ ಹಾಕಿಸಿ. ಜೋಡಿಗಳ ಲೆಕ್ಕ ಒಂದಕ್ಕೊಂದು ಹೊಂದದಿದ್ದರೆ ತಿದ್ದಬೇಡಿ, ಯಾಕೆ ಹೊಂದಲಿಲ್ಲ ಎಂದು ಅವರಿಂದಲೇ ಕೇಳಿ. ಆ ಪಟ್ಟಿಯನ್ನು ನಮಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸೊನ್ನೆಗಳ ಸಮೇತ ಹಾಕುತ್ತೇವೆ.